ಬಿಟ್ಟಿ, ಮಲ್ಲಿ, ಸಿದ್ದ: ಮೊಟಕು ಹೆಸರಿನ ಮರ್ಯಾದೆ



ಬೇಲೂರಿನ ಗುಡಿ ನೋಡಲು ಹೋದವರು ತಪ್ಪದೆ ಕೇಳಿಸಿಕೊಂಡು ಬರುವ ಕಥೆಯೊಂದಿದೆ. ಹೊಯ್ಸಳರ ದೊರೆ ಬಿಟ್ಟಿದೇವ ಜೈನನಾಗಿದ್ದ. ಚೋಳನಾಡಿನಿಂದ ಬಂದ ರಾಮಾನುಜಾಚಾರ್ಯರು ಅವನ ಮಗಳ ಕಾಯಿಲೆ ವಾಸಿಮಾಡಿದರು. ದೊರೆ ವೈಷ್ಣವನಾದ. ಅಂದಿನಿಂದ ಬಿಟ್ಟಿದೇವ ಎಂಬ ಹಳೆಯ ಹೆಸರು ಹೋಗಿ ವಿಷ್ಣುವರ್ಧನ ಎಂಬ ಹೊಸ ಹೆಸರು ಬಂತು. ಗೈಡುಗಳು ಹೇಳುವುದು ಇದನ್ನೇ. ಎಷ್ಟೋ ಮಂದಿ ಶಾಲೆಯಲ್ಲಿ ಕಲಿತದ್ದೂ ಇದನ್ನೇ.

ದೊರೆಯ ಧರ್ಮ ಯಾವುದಾಗಿತ್ತು, ಅದು ಯಾವಾಗ ಬದಲಾಯಿತು ಎಂಬ ಬಗ್ಗೆ ಇತಿಹಾಸಕಾರರ ಚರ್ಚೆ ಇನ್ನೂ ಮುಗಿದಿಲ್ಲ. ಅದು ಹಾಗಿರಲಿ. ಆದರೆ ಹೆಸರು ಬದಲಾಯಿತು ಎಂಬ ಕಡೆಯ ಮಾತು ಮಾತ್ರ ಕನ್ನಡ ಬಲ್ಲವರು ಒಂದು ಗಳಿಗೆ ನಿಂತು ಯೋಚಿಸಿದರೆ ಸಾಕು, ಅಲುಗಾಡತೊಡಗುತ್ತದೆ. ಏಕೆಂದರೆ ಬಿಟ್ಟಿ ಎಂದರೇ ವಿಷ್ಣು. ಒಂದು ಸಂಸ್ಕೃತದ ರೂಪ, ಇನ್ನೊಂದು ಕನ್ನಡದ ನಾಲಿಗೆಯಲ್ಲಿ ಸವೆದ ರೂಪ. ಮನೆಯಲ್ಲಿ ಕಿಟ್ಟಿ ಎಂದು ಕರೆಸಿಕೊಳ್ಳುವ ಹುಡುಗ ಶಾಲೆಯ ಹಾಜರಿ ಪುಸ್ತಕದಲ್ಲಿ ಕೃಷ್ಣಮೂರ್ತಿ ಆಗಿರುತ್ತಾನಲ್ಲ, ಅವನು ಹೆಸರು ಬದಲಿಸಿಕೊಂಡ ಎಂದು ಯಾರೂ ಹೇಳುವುದಿಲ್ಲ. ಹಾಗೆಯೇ ಇದು.

ಗಂಡಸರ ಹೆಸರನ್ನು ಮೊಟಕು ಮಾಡಿ ಕರೆಯುವ ಈ ರೂಢಿ ಕನ್ನಡ ನಾಡಿನಲ್ಲಿ ಎಷ್ಟು ಹಳೆಯದು, ಅದು ಹೇಗೆ ಕೆಲಸ ಮಾಡುತ್ತದೆ, ಒಮ್ಮೆ ಅಕ್ಕರೆಯಾಗಿ ಇನ್ನೊಮ್ಮೆ ಅವಮಾನವಾಗಿ ಹೇಗೆ ತಿರುಗುತ್ತದೆ ಎಂಬುದನ್ನು ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಲ್ಲುಗಳನ್ನೇ ಸಾಕ್ಷಿಯಾಗಿಟ್ಟುಕೊಂಡು ನೋಡುವುದು ಇಂದಿನ ಮಾತಿನ ಉದ್ದೇಶ.

ನಾಲಿಗೆ ಮಾಡಿದ ಕೆಲಸ

ಮೊದಲು ವ್ಯಾಕರಣ. ಸಂಸ್ಕೃತದ ‘ವ’ ಕನ್ನಡದಲ್ಲಿ ‘ಬ’ ಆಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ವನ ಬನವಾಯಿತು, ವರ್ಣ ಬಣ್ಣವಾಯಿತು, ವಸಂತ ಬಸಂತವಾಯಿತು. ವೃಷಭ ಬಸವನಾಯಿತು. ಇನ್ನು ‘ಷ್ಣ’ ಎಂಬ ಒತ್ತು ಕನ್ನಡಿಗರ ಬಾಯಲ್ಲಿ ‘ಟ್ಟ’ ಆಗುವುದಕ್ಕೆ ಕೃಷ್ಣ ಕಿಟ್ಟನಾದದ್ದೇ ಉದಾಹರಣೆ. ಈ ಎರಡನ್ನೂ ಸೇರಿಸಿದರೆ ವಿಷ್ಣು ಬಿಟ್ಟು, ಬಿಟ್ಟಿ ಆಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅದಕ್ಕೆ ‘ದೇವ’ ಸೇರಿದರೆ ಬಿಟ್ಟಿದೇವ, ‘ಗ’ ಸೇರಿದರೆ ಬಿಟ್ಟಿಗ, ‘ಅರಸ’ ಸೇರಿದರೆ ಬಿಟ್ಟರಸ.

ಈ ಬಿಟ್ಟರಸ ಎಂಬ ಹೆಸರಿಗೆ ಇನ್ನೊಂದು ಮಹತ್ವವಿದೆ. ಏಳನೆಯ ಶತಮಾನದಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ವೆಂಗಿಯಲ್ಲಿ ಪೂರ್ವ ಚಾಲುಕ್ಯರ ಮನೆತನವನ್ನು ಸ್ಥಾಪಿಸಿದ. ಈ ವಿಷ್ಣುವರ್ಧನನಿಗೂ ಬಿಟ್ಟರಸ ಎಂಬ ಹೆಸರಿತ್ತು. ರಾಮಾನುಜರು ಹುಟ್ಟುವುದಕ್ಕೆ ಸುಮಾರು ನಾನೂರು ವರ್ಷ ಹಿಂದಿನ ಮಾತಿದು. ವಿಷ್ಣುವರ್ಧನ ಎಂಬ ಹೆಸರಿನವನನ್ನು ಬಿಟ್ಟಿ ಎಂದು ಕರೆಯುವುದು ಆ ವೇಳೆಗಾಗಲೇ ಕನ್ನಡಿಗರಿಗೆ ರೂಢಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೊಯ್ಸಳರ ಕಾಲದಲ್ಲೇ ಇನ್ನೊಂದು ಸಾಕ್ಷಿ ಸಿಗುತ್ತದೆ. ವಿಷ್ಣುವರ್ಧನನ ಬಳಿ ಚಿಕ್ಕ ವಯಸ್ಸಿನ ದಂಡನಾಯಕನೊಬ್ಬನಿದ್ದ. ದೊರೆಯೇ ಅವನನ್ನು ಮಗನಂತೆ ಸಾಕಿ ಬೆಳೆಸಿದ್ದ. 1137ರ ಶಾಸನವೊಂದು ಅವನ ಕೊಂಗುನಾಡಿನ ಗೆಲುವನ್ನೂ, ದೋರಸಮುದ್ರದಲ್ಲಿ ಅವನು ಕಟ್ಟಿಸಿದ ಜಿನಾಲಯವನ್ನೂ ಹೇಳುತ್ತದೆ. ಅವನು ವಿಷ್ಣು ದಂಡಾಧಿಪ. ಅವನೇ ಇಮ್ಮಡಿ ದಂಡನಾಯಕ ಬಿಟ್ಟಿಯಣ್ಣ. ಜಿನಾಲಯ ಕಟ್ಟಿಸಿದವನಿಗೆ ವಿಷ್ಣು ಎಂಬ ಹೆಸರೂ ಇತ್ತು, ಬಿಟ್ಟಿ ಎಂಬ ಹೆಸರೂ ಇತ್ತು. ಒಂದು ಹೆಸರು ಜೈನನದು, ಇನ್ನೊಂದು ವೈಷ್ಣವನದು ಎಂದು ಪಾಲು ಹಾಕಲು ಹೋದರೆ ಈ ದಂಡನಾಯಕನನ್ನು ಯಾವ ಪಾಲಿಗೆ ಸೇರಿಸಬೇಕು?

ವಿಷ್ಣುವರ್ಧನ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಈ ದೇವರೇ ಇಂದಿನ ಚೆನ್ನಕೇಶವ. ಅದಾಗಿ ಆರು ವರ್ಷಕ್ಕೆ, 1123ರಲ್ಲಿ, ರಾಣಿ ಶಾಂತಲೆ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ದಂಡನಾಯಕ ಗಂಗರಾಜ ಕೊನೆಯವರೆಗೂ ಜೈನನಾಗಿಯೇ ಇದ್ದ. ಅವನ ನೆನಪಿಗೆ ಮಗ ಬೊಪ್ಪ ಹಳೇಬೀಡಿನಲ್ಲಿ 1133ರಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದಾಗ ನಡೆದ ಒಂದು ಪ್ರಸಂಗವನ್ನು ಅಲ್ಲಿನ ಶಾಸನ ಹೇಳುತ್ತದೆ. ಬಸದಿಯ ಅರ್ಚಕರು ಪ್ರಸಾದ ಹಿಡಿದು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಹೋದರು. ಆ ಹೊತ್ತಿಗೆ ದೊರೆಗೆ ಯುದ್ಧದಲ್ಲಿ ಗೆಲುವು ಸಿಕ್ಕಿತ್ತು, ಗಂಡುಮಗುವೂ ಹುಟ್ಟಿತ್ತು. ಸಂತೋಷಗೊಂಡ ವಿಷ್ಣುವರ್ಧನ ಬಸದಿಯ ದೇವರಿಗೆ ವಿಜಯ ಪಾರ್ಶ್ವ ಎಂದೂ, ಮಗನಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟ. ಜಿನನಿಗೂ ಮಗನಿಗೂ ಒಂದೇ ಉಸಿರಿನಲ್ಲಿ ಹೆಸರು ಹಂಚಿದ ದೊರೆ ಇವನು. ಅಂಥವನ ಎರಡು ಹೆಸರುಗಳ ನಡುವೆ ಗೋಡೆ ಕಟ್ಟಿದ್ದು ನಂತರದವರು.

ಬಿಟ್ಟಿಯ ಪಯಣ ಇಲ್ಲಿಗೇ ನಿಲ್ಲುವುದಿಲ್ಲ. ಪಂಢರಪುರದ ವಿಠ್ಠಲನ ಹೆಸರು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಎತ್ತಿಕೊಂಡ ವಿದ್ವಾಂಸ ಆರ್.ಜಿ. ಭಂಡಾರ್ಕರ್ ಅವರು ವಿಷ್ಣು ಎಂಬುದರ ಕನ್ನಡ ರೂಪವಾದ ಬಿಟ್ಟಿ, ಬಿಟ್ಟಿಗ ಎಂಬುದರ ಕಡೆಗೆ ಬೆರಳು ತೋರಿಸಿದ್ದರು. ಈ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ಹೊಯ್ಸಳ ಸೋಮೇಶ್ವರನ 1237ರ ಶಾಸನ ಪಂಢರಪುರದಲ್ಲೇ ಇರುವುದನ್ನು ನೆನೆದರೆ, ಕನ್ನಡದ ಮೊಟಕು ಹೆಸರೊಂದು ಭೀಮಾ ತೀರದವರೆಗೆ ಹೋಗಿರಬಹುದು ಎಂಬ ಊಹೆ ಅಸಾಧ್ಯದ್ದೇನೂ ಅಲ್ಲ.

ಕಲ್ಲಿನ ಮೇಲಿನ ಮೊಟಕು ಹೆಸರುಗಳು

ಈ ರೂಢಿ ಅರಮನೆಗೆ ಮಾತ್ರ ಸೇರಿದ್ದಲ್ಲ. ಬೇಲೂರು ತಾಲ್ಲೂಕಿನದೇ ಆದ ಹಲ್ಮಿಡಿಯ ಶಾಸನ ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು. ಅದು ಕ್ರಿ.ಶ. 450ರ ಸುಮಾರಿನದು ಎಂಬುದು ಸಾಮಾನ್ಯ ಎಣಿಕೆ. ಯುದ್ಧದಲ್ಲಿ ಗೆದ್ದುಬಂದ ವೀರನಿಗೆ ಹಲ್ಮಿಡಿಯನ್ನೂ ಮತ್ತೊಂದು ಹಳ್ಳಿಯನ್ನೂ ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಆ ವೀರನ ಹೆಸರು ವಿಜ ಅರಸ. ಇಲ್ಲಿನ ‘ವಿಜ’ ವಿಜಯ ಎಂಬುದರ ಮೊಟಕು ರೂಪವೆಂದು ಓದಲು ಅಡ್ಡಿಯಿಲ್ಲ. ಹಾಗೆ ಓದಿದರೆ ಕನ್ನಡ ಬರವಣಿಗೆಯಷ್ಟೇ ಹಳೆಯದು ಕನ್ನಡಿಗರು ಹೆಸರು ಮೊಟಕು ಮಾಡುವ ಅಭ್ಯಾಸ.

ಅರಸೀಕೆರೆಗೆ ಬಂದರೆ ಅಲ್ಲಿನ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದವನ ಹೆಸರು ಕಣ್ಣಿಗೆ ಬೀಳುತ್ತದೆ. ಇಮ್ಮಡಿ ವೀರಬಲ್ಲಾಳನ ಕಾಲದ ಕೊನೆಗೆ, 1220ರ ಸುಮಾರಿಗೆ, ಅದನ್ನು ಕಟ್ಟಿಸಿದ ದಂಡನಾಯಕನಿಗೆ ವಸುಧೈಕಬಾಂಧವ ಎಂಬ ಬಿರುದಿತ್ತು. ಭೂಮಿಯಲ್ಲಿರುವವರೆಲ್ಲ ನಂಟರು ಎನ್ನುವಷ್ಟು ಉದ್ದದ ಬಿರುದು. ಹೆಸರು ಮಾತ್ರ ಪುಟ್ಟದು: ರೇಚ. ಅದೇ ಹೆಸರು ರೇಚಣ, ರೇಚರಸ, ರೇಚಿಮಯ್ಯ, ರೇಚಿರಾಜ ಎಂದೆಲ್ಲ ಬರುತ್ತದೆ. ಗಮನಿಸಬೇಕಾದದ್ದು ಇಲ್ಲಿದೆ. ಬುಡದಲ್ಲಿರುವುದು ಎರಡಕ್ಷರದ ಹೆಸರು. ಅದರ ಮೇಲೆ ಅಣ್ಣ, ಅಯ್ಯ, ಅರಸ, ರಾಜ ಎಂಬ ಗೌರವದ ಮಾತುಗಳು ಕೂರುತ್ತವೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ತಂದೆಯ ವಿಷಯದಲ್ಲೂ ಹೀಗೆಯೇ. ಏಚ, ಏಚಿರಾಜ, ಏಚಿಗಾಂಕ ಎಲ್ಲವೂ ಅವನೇ. 12ನೆಯ ಶತಮಾನದ ಅತಿ ದೊಡ್ಡ ಹೆಸರಾದ ಬಸವಣ್ಣ ಕೂಡ ಈ ಅಚ್ಚಿನಲ್ಲೇ ಎರಕಗೊಂಡದ್ದು. ವೃಷಭ ಬಸವನಾಗಿ, ಅದರ ಮೇಲೆ ಅಣ್ಣ ಬಂದು ಕೂತಿದೆ. ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಲಕ್ಷ್ಮೀನರಸಿಂಹ ದೇವಾಲಯ ಕಟ್ಟಿಸಿದ ದಂಡನಾಯಕ ಬೊಮ್ಮಣ್ಣನ ಹೆಸರಿನಲ್ಲಿ ಬ್ರಹ್ಮ ಬೊಮ್ಮನಾಗಿದ್ದಾನೆ.

ಗುಡಿ ಕಟ್ಟಿಸಿದವರ ಮಾತು ಹೀಗಾಯಿತು. ಕಲ್ಲು ಕೆತ್ತಿದವರದು? ಭಾರತದ ಶಿಲ್ಪಿಗಳು ತಮ್ಮ ಹೆಸರು ಬರೆಯುತ್ತಿರಲಿಲ್ಲ ಎಂಬ ಸಾಮಾನ್ಯ ಅಭಿಪ್ರಾಯವನ್ನು ಹೊಯ್ಸಳ ಗುಡಿಗಳು ಸುಳ್ಳು ಮಾಡುತ್ತವೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕಂಡರಿಸಿದ್ದಾರೆ. ಹಳೇಬೀಡಿನಲ್ಲಿ ಕೇದಾರೋಜ, ನುಗ್ಗೇಹಳ್ಳಿಯಲ್ಲಿ ಬೈಚೋಜ. ಈ ಹೆಸರುಗಳ ಕೊನೆಯ ‘ಓಜ’ ಎಂಬುದೂ ಸವೆದ ಮಾತೇ. ಉಪಾಧ್ಯಾಯ ಎಂಬ ಉದ್ದನೆಯ ಪದ ನೂರಾರು ವರ್ಷ ಬಾಯಿಂದ ಬಾಯಿಗೆ ಉರುಳಿ ಓಜನಾಗಿ ನಿಂತಿದೆ. ಉಳಿ ಹಿಡಿದವನೂ ಉಪಾಧ್ಯಾಯನೇ ಎಂದು ಆ ಕಾಲ ಒಪ್ಪಿತ್ತು ಎಂಬುದನ್ನೂ ಅದು ಹೇಳುತ್ತದೆ.

ಇವರೆಲ್ಲರಿಗಿಂತ ಸ್ವಾರಸ್ಯದವನು ಮಲ್ಲಿತಮ್ಮ. ಹೆಸರಿನ ಕೊನೆಯಲ್ಲಿ ತಮ್ಮ ಇರುವುದರಿಂದ ಮನೆಯಲ್ಲಿ ಮುದ್ದಿನಿಂದ ಕರೆದದ್ದೇ ಹೆಸರಾಗಿ ನಿಂತಂತೆ ಕೇಳಿಸುತ್ತದೆ. 1196ರ ಅಮೃತಾಪುರದಿಂದ ಹಿಡಿದು ನುಗ್ಗೇಹಳ್ಳಿ, ಸೋಮನಾಥಪುರಗಳವರೆಗೆ ಈ ಹೆಸರು ಕಾಣುತ್ತದೆ. ಸೋಮನಾಥಪುರದಲ್ಲಿ ನಲವತ್ತಕ್ಕೂ ಹೆಚ್ಚು ಶಿಲ್ಪಗಳ ಕೆಳಗೆ ಅವನ ರುಜುವಿದೆ. ಒಮ್ಮೊಮ್ಮೆ ಮಲ್ಲಿತಮ್ಮ, ಒಮ್ಮೊಮ್ಮೆ ಬರೀ ಮಲ್ಲಿ. ಕೆಲವು ಕಡೆ ‘ಮ’ ಎಂಬ ಒಂದೇ ಅಕ್ಷರ. ಜನ ಗುರುತು ಹಿಡಿಯುತ್ತಾರೆ ಎಂಬ ಭರವಸೆ ಇದ್ದವನು ಮಾತ್ರ ಒಂದಕ್ಷರದಲ್ಲಿ ರುಜು ಹಾಕಬಲ್ಲ. ಆ ಭರವಸೆ ಹುಸಿಯಾಗಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಪಟ್ಟಿಯ ಜೊತೆಗೆ ಮಲ್ಲಿಯ ‘ಮ’ ಕೂಡ ಜಗತ್ತಿನ ಆಸ್ತಿಯಾಯಿತು.

ದೇವರ ಹೆಸರು, ಮನೆಯ ಕರೆ

ಇಷ್ಟು ಹಳೆಯ ರೂಢಿ ಇಂದಿಗೂ ಉಳಿದಿರುವುದು ಮನೆಗಳಲ್ಲಿ. ಈ ಸೀಮೆಯಲ್ಲಿ ಗಂಡುಮಕ್ಕಳ ಹೆಸರು ಬಹುಪಾಲು ಊರ ದೇವರಿಂದ ಬಂದದ್ದು. ಬೇಲೂರಿನ ಸುತ್ತ ಚೆನ್ನಕೇಶವ. ದೇವರನ್ನೇ ಜನ ಚೆನ್ನಿಗರಾಯ ಎಂದು ಸಲುಗೆಯಿಂದ ಕರೆಯುವಾಗ ಅವನ ಹೆಸರಿಟ್ಟುಕೊಂಡ ಹುಡುಗ ಚೆನ್ನ, ಚೆನ್ನಿಗ ಆಗದೆ ಇರುತ್ತಾನೆಯೇ? ಹಳೇಬೀಡಿನ ಪಕ್ಕದ ಪುಷ್ಪಗಿರಿಯಲ್ಲಿ ಮಲ್ಲಿಕಾರ್ಜುನ. ಅವನ ಒಕ್ಕಲಿನ ಮನೆಗಳಲ್ಲಿ ಮಲ್ಲ, ಮಲ್ಲಿ, ಮಲ್ಲೇಶ. ಅರಸೀಕೆರೆಯ ಕಡೆ ಜೇನುಕಲ್ಲು ಸಿದ್ದೇಶ್ವರ. ಅಲ್ಲಿ ಸಿದ್ದ, ಸಿದ್ದು, ಸಿದ್ದಪ್ಪ. ಮಾಲೇಕಲ್ಲು ತಿರುಪತಿಯ ವೆಂಕಟರಮಣನ ಕಡೆಯವರಲ್ಲಿ ವೆಂಕ, ತಿಮ್ಮ, ತಿಮ್ಮಪ್ಪ.

ಮೊಟಕು ಮಾಡುವುದರಲ್ಲೂ ಒಂದು ಕ್ರಮವಿದೆ. ಎರಡು ಅಕ್ಷರ, ನಡುವೆ ಸಜಾತೀಯ ಒತ್ತು, ಕೊನೆಗೆ ಸ್ವರ. ಸುಬ್ರಹ್ಮಣ್ಯ ಸುಬ್ಬನಾಗುತ್ತಾನೆ. ಲಕ್ಷ್ಮಣ ಲಕ್ಕನಾಗುತ್ತಾನೆ, ಕೃಷ್ಣ ಕಿಟ್ಟನಾಗುತ್ತಾನೆ. ಕನ್ನಡದಲ್ಲಿ ಮಗು ಮೊದಲು ಕಲಿಯುವ ಸಂಬಂಧದ ಮಾತುಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿ: ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಜ್ಜ, ಅಯ್ಯ. ಅದೇ ಎರಡಕ್ಷರ, ಅದೇ ಒತ್ತು. ಊರ ದೇವರ ಉದ್ದನೆಯ ಹೆಸರನ್ನು ಮನೆಯವರು ತಮ್ಮ ನಂಟಸ್ತಿಕೆಯ ಅಳತೆಗೆ ಹೊಲಿದುಕೊಳ್ಳುವ ಬಗೆ ಇದು. ಮೊಟಕು ಮಾಡುವುದೆಂದರೆ ಮನೆಯವನನ್ನಾಗಿ ಮಾಡಿಕೊಳ್ಳುವುದು.

ಕೊನೆಯ ಸ್ವರ ಬದಲಾದರೆ ಧಾಟಿಯೂ ಬದಲಾಗುತ್ತದೆ. ಕಿಟ್ಟ ಎನ್ನುವುದು ದೊಡ್ಡವರ ಕರೆ. ಕಿಟ್ಟಿ, ಕಿಟ್ಟು ಎನ್ನುವುದು ಮುದ್ದು. ಓರಗೆಯವರಿಗಿಂತ ಕಿರಿಯರು ಕಿಟ್ಟಣ್ಣ ಎನ್ನಬೇಕು. ವಯಸ್ಸಾದ ಮೇಲೆ ಅವನೇ ಕಿಟ್ಟಪ್ಪ, ಕಿಟ್ಟಯ್ಯ. ಉತ್ತರ ಕರ್ನಾಟಕದಲ್ಲಿ ಬಸವರಾಜ ಗೆಳೆಯರಿಗೆ ಬಸ್ಯಾ, ಮಲ್ಲಿಕಾರ್ಜುನ ಮಲ್ಲ್ಯಾ. ಒಬ್ಬನೇ ಮನುಷ್ಯ ಹುಟ್ಟಿನಿಂದ ಸಾವಿನವರೆಗೆ ಒಂದೇ ಬೇರಿನ ಐದಾರು ರೂಪಗಳಲ್ಲಿ ಬದುಕುತ್ತಾನೆ. ಯಾರು ಯಾವ ರೂಪದಲ್ಲಿ ಕರೆದರು ಎಂಬುದರಿಂದಲೇ ಅವರು ಅವನಿಗೆ ಏನಾಗಬೇಕು ಎಂದು ಹೊರಗಿನವರಿಗೂ ತಿಳಿಯುತ್ತದೆ.

ಕೆಲವು ಅಡ್ಡಹೆಸರುಗಳ ಹಿಂದೆ ಬೇರೆಯೇ ಕಾರಣವಿದೆ. ಮೊಮ್ಮಗನಿಗೆ ತಾತನ ಹೆಸರಿಡುವುದು ಇಲ್ಲಿನ ಸಂಪ್ರದಾಯ. ಆದರೆ ಸೊಸೆ ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಗಂಡನ ಹೆಸರಂತೂ ಇಲ್ಲವೇ ಇಲ್ಲ. ಹೆತ್ತ ಮಗನನ್ನೇ ಹೆಸರು ಹಿಡಿದು ಕರೆಯಲಾಗದ ತಾಯಂದಿರು ಪುಟ್ಟ, ಚಿಕ್ಕ, ಅಪ್ಪು ಎಂದು ಕರೆದರು. ಕೊನೆಗೆ ಅದೇ ಊರಿಗೆಲ್ಲ ಹೆಸರಾಯಿತು. ಹಳ್ಳಿಗಳಲ್ಲಿ ಸಾಲುಸಾಲಾಗಿ ಪುಟ್ಟಣ್ಣ, ಚಿಕ್ಕಣ್ಣ, ಪುಟ್ಟಸ್ವಾಮಿಗಳು ಇರುವುದಕ್ಕೆ ಇದೂ ಒಂದು ಕಾರಣ.

ಹೊರಗಿನ ಜಗತ್ತಿನಲ್ಲೂ ಈ ರೂಢಿ ಇಲ್ಲದಿಲ್ಲ. ಇಂಗ್ಲಿಷರ ವಿಲಿಯಂ ಬಿಲ್ ಆಗುತ್ತಾನೆ, ರಾಬರ್ಟ್ ಬಾಬ್ ಆಗುತ್ತಾನೆ. ರಷ್ಯದ ಇವಾನ್ ಮನೆಯಲ್ಲಿ ವಾನ್ಯಾ. ಅಮೆರಿಕದ ಅಧ್ಯಕ್ಷರಾಗಿದ್ದ ವಿಲಿಯಂ ಜೆಫರ್ಸನ್ ಕ್ಲಿಂಟನ್ ತಮ್ಮ ಅಧಿಕಾರದ ಉದ್ದಕ್ಕೂ ಬಿಲ್ ಕ್ಲಿಂಟನ್ ಎಂದೇ ಕರೆಸಿಕೊಂಡರು. ವಿಲಿಯಂ ಬಿಲ್ ಆಗುವುದಕ್ಕೂ ವಿಷ್ಣು ಬಿಟ್ಟಿ ಆಗುವುದಕ್ಕೂ ನಂಟೇನಿಲ್ಲ. ಆದರೂ ನಾಡನ್ನಾಳುವವನು ಮನೆಯ ಹೆಸರಿನಲ್ಲೇ ಜನರೆದುರು ನಿಂತದ್ದು ಎರಡು ಕಡೆಯೂ ಒಂದೇ.

ಬಿಟ್ಟಿ ಎಂಬ ಇನ್ನೊಂದು ಮಾತು

ಹಾಗಾದರೆ ಇಂದು ಯಾರೂ ಮಗನಿಗೆ ಬಿಟ್ಟಿ ಎಂದು ಏಕೆ ಹೆಸರಿಡುವುದಿಲ್ಲ? ಕಿಟ್ಟಿ ಉಳಿದ, ಬಿಟ್ಟಿ ಏಕೆ ಉಳಿಯಲಿಲ್ಲ? ಉತ್ತರ ಎಲ್ಲರ ಬಾಯಲ್ಲೂ ಇದೆ. ಬಿಟ್ಟಿ ಎಂದರೆ ಇಂದಿನ ಕನ್ನಡದಲ್ಲಿ ಪುಕ್ಕಟೆ. ಬಿಟ್ಟಿ ಊಟ, ಬಿಟ್ಟಿ ಚಾಕರಿ, ಬಿಟ್ಟಿ ಸಲಹೆ. ಈ ಬಿಟ್ಟಿ ಬಂದದ್ದು ಬೇರೆ ಮೂಲದಿಂದ. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆಗೆ ಸಂಸ್ಕೃತದಲ್ಲಿ ವಿಷ್ಟಿ ಎಂದು ಹೆಸರು. ಅದೂ ಕನ್ನಡಿಗರ ನಾಲಿಗೆಯಲ್ಲಿ ಸವೆದು ಬಿಟ್ಟಿಯೇ ಆಯಿತು. ಒಂದು ಕಡೆಯಿಂದ ದೇವರ ಹೆಸರು, ಇನ್ನೊಂದು ಕಡೆಯಿಂದ ಕೂಲಿಯಿಲ್ಲದ ದುಡಿಮೆ, ಎರಡೂ ಬಂದು ಒಂದೇ ಪದದಲ್ಲಿ ನಿಂತವು. ಕಾಲಾಂತರದಲ್ಲಿ ದೊರೆಯ ಹೆಸರು ಮರೆಯಾಯಿತು, ದುಡಿಮೆಯ ಮಾತು ಉಳಿಯಿತು. ಬಿಟ್ಟಿ ಚಾಕರಿ ಅಷ್ಟು ಕಾಲ ಬಾಳಿದ್ದೇ ಅದಕ್ಕೆ ಕಾರಣವೆಂದರೆ ತಪ್ಪಾಗಲಾರದು.

ಪದದ ಈ ಆಕಸ್ಮಿಕ ಇನ್ನೊಂದು ಸತ್ಯದ ಕಡೆಗೆ ಕರೆದೊಯ್ಯುತ್ತದೆ. ಮೊಟಕು ಹೆಸರು ಎಲ್ಲರಿಗೂ ಅಕ್ಕರೆಯಾಗಿ ಸಿಕ್ಕಿಲ್ಲ. ಬಿಟ್ಟಿ ಚಾಕರಿ ಮಾಡಿದವರಿಗೆ ಇಡೀ ಬದುಕು ಸಿಕ್ಕಿದ್ದು ಮೊಟಕು ಹೆಸರು ಮಾತ್ರ. ಜಮೀನಿನ ಒಡೆಯನ ಮನೆಯ ಹತ್ತು ವರ್ಷದ ಹುಡುಗ ಅರವತ್ತು ವರ್ಷದ ಆಳನ್ನು ‘ಲೇ ಸಿದ್ದ’ ಎಂದು ಕೂಗುತ್ತಿದ್ದ ಕಾಲ ಬಹಳ ಹಿಂದಿನದೇನೂ ಅಲ್ಲ. ಆ ಮುದುಕ ಹುಡುಗನನ್ನು ‘ಚಿಕ್ಕೆಜಮಾನ್ರೇ’ ಎನ್ನಬೇಕಿತ್ತು. ಸಿದ್ದ ಎಂಬ ಎರಡಕ್ಷರ ತಾಯಿಯ ಬಾಯಲ್ಲಿ ಒಂದು, ಒಡೆಯನ ಬಾಯಲ್ಲಿ ಇನ್ನೊಂದು. ಎರಡನ್ನೂ ಬೇರೆ ಮಾಡಲು ಒಂದು ಸುಲಭದ ಪರೀಕ್ಷೆಯಿದೆ. ಕರೆಸಿಕೊಂಡವನು ಕರೆದವನನ್ನೂ ತಿರುಗಿ ಅದೇ ಸಲುಗೆಯಿಂದ, ಇಲ್ಲವೇ ಒಂದು ನಂಟಿನ ಹೆಸರಿನಿಂದ ಕರೆಯಬಲ್ಲನೇ? ಕರೆಯಬಲ್ಲನಾದರೆ ಅದು ಪ್ರೀತಿ. ಅವನಿಗೆ ಆ ಹಕ್ಕಿಲ್ಲದಿದ್ದರೆ ಅದು ದರ್ಪ.

ಅರಸೀಕೆರೆಯ ರೇಚನಿಗೆ ಅಣ್ಣ, ಅಯ್ಯ, ಅರಸ ಎಂಬ ಮೂರು ಗೌರವಗಳು ಸಿಕ್ಕವು. ಕೆರೆಯ ಕೆಳಗಿನ ಗದ್ದೆಯಲ್ಲಿ ದುಡಿದ ಸಿದ್ದನಿಗೆ ಒಂದೂ ಸಿಗಲಿಲ್ಲ. ಆದ್ದರಿಂದಲೇ ಸಿದ್ದನ ಮಕ್ಕಳು ಶಾಲೆಗೆ ಸೇರಿದಾಗ ಮೊದಲು ಮಾಡಿದ ಕೆಲಸ ಹೆಸರನ್ನು ಉದ್ದ ಮಾಡಿಕೊಂಡದ್ದು. ಸಿದ್ದಯ್ಯ, ಸಿದ್ದರಾಜು, ಸಿದ್ದೇಶ್ ಕುಮಾರ್. ಕರಿಯನ ಮಗ ಕರಿಯಪ್ಪ, ಮೊಮ್ಮಗ ಕಿರಣ್ ಕುಮಾರ್. ಇದನ್ನು ಪೇಟೆಯ ಶೋಕಿ ಎಂದು ಹಗುರವಾಗಿ ಮಾತನಾಡುವವರಿದ್ದಾರೆ. ಆದರೆ ತಲೆಮಾರುಗಳಿಂದ ತಡೆಹಿಡಿದಿದ್ದ ಅಯ್ಯ, ಅಪ್ಪಗಳನ್ನು ಅವರು ತಾವಾಗಿಯೇ ತೆಗೆದುಕೊಂಡರು ಎಂದು ನೋಡುವುದು ನ್ಯಾಯ.

ಪಹಣಿಯ ಸಿದ್ದ, ಆಧಾರಿನ ಸಿದ್ದಯ್ಯ

ಈ ಬದಲಾವಣೆಗೆ ಕಾಗದದ ಲೋಕ ಮಾತ್ರ ಹೊಂದಿಕೊಂಡಿಲ್ಲ. ಹಳೆಯ ಪಹಣಿಗಳಲ್ಲಿ ಶಾನುಭೋಗರು ಬರೆದದ್ದು ‘ಸಿದ್ದ ಬಿನ್ ಕರಿಯ’. ಮತದಾರರ ಪಟ್ಟಿಯಲ್ಲಿ ಸಿದ್ದಯ್ಯ, ಪಡಿತರ ಚೀಟಿಯಲ್ಲಿ ಸಿದ್ದಪ್ಪ, ಆಧಾರ್ ಕಾರ್ಡಿನಲ್ಲಿ ಊರಿನ ಹೆಸರೂ ಸೇರಿಕೊಂಡು ಮತ್ತೊಂದು ರೂಪ. ತಂದೆ ತೀರಿಕೊಂಡ ಮೇಲೆ ಮಕ್ಕಳು ಪೌತಿ ಖಾತೆಗೆ ಅರ್ಜಿ ಹಾಕಿದಾಗ ಈ ನಾಲ್ವರೂ ಒಬ್ಬರೇ ಎಂದು ರ್ಜುವಾತು ಮಾಡಬೇಕು. ವಂಶವೃಕ್ಷ ಬರೆಸಬೇಕು, ನೋಟರಿಯ ಬಳಿ ಅಫಿಡವಿಟ್ಟು ಮಾಡಿಸಬೇಕು, ನಾಡಕಚೇರಿಗೆ ಅಲೆಯಬೇಕು. 2024ರಲ್ಲಿ ಕಂದಾಯ ಇಲಾಖೆ ಪಹಣಿಗಳಿಗೆ ಆಧಾರ್ ಜೋಡಿಸುವ ಕೆಲಸವನ್ನು ರಾಜ್ಯದಾದ್ಯಂತ ಕೈಗೆತ್ತಿಕೊಂಡ ಮೇಲಂತೂ ಹೆಸರಿನ ಈ ಅಂತರ ಇನ್ನಷ್ಟು ಎದ್ದು ಕಾಣತೊಡಗಿದೆ. ಊರಿಗೆಲ್ಲ ಗೊತ್ತಿರುವ ಸತ್ಯ ಯಂತ್ರಕ್ಕೆ ಗೊತ್ತಿರುವುದಿಲ್ಲ. ಅದಕ್ಕೆ ಒಬ್ಬ ಮನುಷ್ಯನಿಗೆ ಒಂದೇ ಹೆಸರು, ಒಂದೇ ಕಾಗುಣಿತ.

ಸುಮಾರು ಒಂಬೈನೂರು ವರ್ಷದ ಹಿಂದಿನ ಶಾಸನಕಾರ ಈ ವಿಷಯದಲ್ಲಿ ಹೆಚ್ಚು ಜಾಣನಾಗಿದ್ದ. ಬಿಟ್ಟಿದೇವ ಎಂದೂ ಬರೆದ, ವಿಷ್ಣುವರ್ಧನ ಎಂದೂ ಬರೆದ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಬೇಕು ಎಂದು ಅವನಿಗೆ ಅನ್ನಿಸಲಿಲ್ಲ. ಮನೆಯ ಹೆಸರು ದೊರೆಗೆ ಕಡಿಮೆ ಎಂದೂ ಅನ್ನಿಸಲಿಲ್ಲ.

ಮೊಟಕು ಮಾಡುವ ರೀತಿಯೂ ಈಗ ಬದಲಾಗಿದೆ ಎಂಬುದನ್ನು ಗಮನಿಸಬೇಕು. ಹಿಂದೆ ಹೆಸರು ನಾಲಿಗೆಯ ಮೇಲೆ ಉರುಳಿ ಸವೆಯುತ್ತಿತ್ತು. ಈಗ ಕತ್ತರಿಯಲ್ಲಿ ಕತ್ತರಿಸಿದಂತೆ ಅರ್ಧ ಉಳಿಯುತ್ತದೆ. ಮಂಜುನಾಥ ಮಂಜು, ರಾಘವೇಂದ್ರ ರಾಘು, ಚಂದ್ರಶೇಖರ ಚಂದ್ರು. ಇದಕ್ಕೆ ಒಳ್ಳೆಯ ಉದಾಹರಣೆ ಚಿತ್ರರಂಗದಲ್ಲೇ ಇದೆ. ಸಂಪತ್ ಕುಮಾರ್ ಎಂಬ ಯುವಕನಿಗೆ 1972ರ ‘ನಾಗರಹಾವು’ ಚಿತ್ರದ ವೇಳೆಗೆ ಪುಟ್ಟಣ್ಣ ಕಣಗಾಲರು ಹೊಯ್ಸಳ ದೊರೆಯ ಹೆಸರನ್ನೇ ಇಟ್ಟರು. ಆ ವಿಷ್ಣುವರ್ಧನ್ ಅಭಿಮಾನಿಗಳ ಬಾಯಲ್ಲಿ ‘ವಿಷ್ಣು’ ಆದರು, ‘ಬಿಟ್ಟಿ’ ಆಗಲಿಲ್ಲ. 12ನೆಯ ಶತಮಾನದ ಕನ್ನಡಿಗ ಸಂಸ್ಕೃತದ ಹೆಸರನ್ನು ತನ್ನ ಬಾಯಿಗೆ ಒಗ್ಗಿಸಿಕೊಂಡ. 20ನೆಯ ಶತಮಾನದವನು ಅದನ್ನು ಹಾಗೆಯೇ ಇಟ್ಟುಕೊಂಡು ಬಾಲ ಕತ್ತರಿಸಿದ. ಇತ್ತ ಪತ್ರಿಕೆಗಳೂ ತಮ್ಮ ಪಾಲಿನ ಕೆಲಸ ಮಾಡಿವೆ. ಶೀರ್ಷಿಕೆಯ ಜಾಗ ಉಳಿಸಲು ಸಿದ್ದರಾಮಯ್ಯ ಸಿದ್ದು ಆದರು, ಯಡಿಯೂರಪ್ಪ ಬಿಎಸ್‌ವೈ ಆದರು. ಸಿದ್ದು ಎನ್ನುವುದರಲ್ಲಿ ಊರಿನ ವಾಸನೆಯಿದೆ. ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಅದು ಸಿಗುವುದಿಲ್ಲ.

ಇನ್ನೊಂದು ಕಡೆ ಮೊಟಕು ಮಾಡಲು ಏನೂ ಉಳಿಯದ ಹೆಸರುಗಳು ಬಂದಿವೆ. ಯಶ್, ಧ್ರುವ್, ಆರವ್. ಇವು ಹುಟ್ಟುವಾಗಲೇ ಮೊಟಕು. ತಾತ ಒಂದು ರೀತಿ, ಅತ್ತೆ ಒಂದು ರೀತಿ, ಗೆಳೆಯ ಒಂದು ರೀತಿ ಕರೆಯುವುದಕ್ಕೆ ಅವುಗಳಲ್ಲಿ ಎಡೆಯಿಲ್ಲ. ಹೊಸ ಹೆಸರುಗಳನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಹೆಸರಿಡುವುದು ತಂದೆತಾಯಿಯ ಇಷ್ಟ. ಆದರೆ ಹಳೆಯ ಹೆಸರುಗಳ ವಿಷಯದಲ್ಲಿ ಮಾಡಬಹುದಾದ ಕೆಲಸ ಇನ್ನೂ ಇದೆ.

ಒಂದು, ಬೇಲೂರು ಹಳೇಬೀಡುಗಳಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳು ಬಿಟ್ಟಿದೇವನ ಕಥೆ ಹೇಳುವಾಗ ‘ಬಿಟ್ಟಿ ಎಂದರೆ ವಿಷ್ಣು’ ಎಂಬ ಒಂದು ವಾಕ್ಯವನ್ನು ಸೇರಿಸಬಹುದು. ಒಬ್ಬ ಮನುಷ್ಯನ ಎರಡು ಹೆಸರುಗಳಿಂದ ಎರಡು ಧರ್ಮಗಳ ಜಗಳ ಹುಟ್ಟಿಸದೆ ಇರಲು ಅಷ್ಟು ಸಾಕು. ಎರಡು, ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ ಅವರ ಕಾಗದದ ಹೆಸರಿನ ಜೊತೆಗೆ ಕರೆಯುವ ಹೆಸರನ್ನೂ, ಅವರ ಅಪ್ಪ ತಾತಂದಿರನ್ನು ಊರು ಏನೆಂದು ಕರೆಯುತ್ತಿತ್ತು ಎಂಬುದನ್ನೂ ಒಂದು ಪುಸ್ತಕದಲ್ಲಿ ಬರೆದಿಡಬಹುದು. ಖಾತೆ ಮಾಡಿಸುವ ದಿನ ಅದು ಉಪಯೋಗಕ್ಕೆ ಬರುತ್ತದೆ. ಬಾರದಿದ್ದರೂ ಮನೆಯ ಚರಿತ್ರೆ ಉಳಿಯುತ್ತದೆ. ಮೂರು, ತಮಗಿಂತ ಹಿರಿಯ ಕೆಲಸದವರನ್ನು ಬರೀ ಹೆಸರು ಹಿಡಿದು ಕೂಗುವವರು ಆ ಹೆಸರಿನ ಮುಂದೆ ಒಂದು ಅಣ್ಣ, ಒಂದು ಅಪ್ಪ ಸೇರಿಸಬಹುದು. ರೇಚನಿಗೆ ಸಲ್ಲಿಸಿದ ಗೌರವವನ್ನು ಸಿದ್ದನಿಗೂ ಸಲ್ಲಿಸಲು ಕನ್ನಡ ಕೇಳುವುದು ಅದೇ ಎರಡಕ್ಷರ.